ಎ ಜೀವಸತ್ವದ ಭಿತ್ತಿಪಟ: ಕೆಲಸ ಎಲ್ಲಿಗೆ ಬಂತು

ಶ್ರೀನಿವಾಸಪುರದ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಬಿಡಿಸುತ್ತಿರುವ ರೋಗನಿರೋಧಕ ವ್ಯವಸ್ಥೆಯ ಪಟಗಳ ಪೈಕಿ, ಎ ಜೀವಸತ್ವವು ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಹಾದಿಯನ್ನು ಬದಲಿಸುವ ಬಗೆಯನ್ನು ತೋರಿಸುವ ಪಟದ ಎಡಭಾಗ ಈ ವಾರ ಪೂರ್ಣಗೊಂಡಿದೆ. ಅದು ನಮ್ಮೂರಿನ ಮಾವಿನಿಂದಲೇ ಆರಂಭವಾಗುತ್ತದೆ. ಹಣ್ಣಿಗೆ ಹಳದಿ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕರುಳಿನ ಒಳಪದರದಲ್ಲಿ ಸೀಳಿ ಎ ಜೀವಸತ್ವದ ರೂಪ ತಾಳುತ್ತದೆ. ಅದನ್ನು ಟಿ ಕೋಶಗಳಿಗೆ ರೋಗಾಣುಗಳ ಗುರುತು ತೋರಿಸುವ ಅಲ್ಲಿನ ಡೆಂಡ್ರೈಟಿಕ್ ಕೋಶಗಳು ರೆಟಿನೋಯಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಕೋಲಾರ ಜಿಲ್ಲೆಯ ಪಟದಲ್ಲಿ ಟೊಮೆಟೊ ಇರಲೇಬೇಕೆಂದು ಗೆಳೆಯರು ಒತ್ತಾಯಿಸಿದ್ದರು. ಆದರೆ ಅದರ ಕೆಂಪು ಬಣ್ಣಕ್ಕೆ ಮುಖ್ಯ ಕಾರಣವಾದ ಲೈಕೊಪೀನ್ ದೇಹದಲ್ಲಿ ಎ ಜೀವಸತ್ವವಾಗುವುದಿಲ್ಲವಾದ್ದರಿಂದ, ಮಾವಿನ ಜೊತೆಗೆ ನುಗ್ಗೆಸೊಪ್ಪನ್ನು ಬಿಡಿಸಿದೆ.

ಪಟದ ಜೀವಾಳವಿರುವುದು ನಡುಭಾಗದಲ್ಲಿ. ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಸಂಕೇತದ ಕೆಂಪು ಗೆರೆ ಟಿ ಕೋಶದ ಹೊರಪೊರೆಯಲ್ಲಿ ಸಂಕೇತವನ್ನು ಹಿಡಿಯುವ ಗ್ರಾಹಕದ ಬಳಿಯೇ ನಿಲ್ಲುತ್ತದೆ; ರೆಟಿನೋಯಿಕ್ ಆಮ್ಲದ ಹಳದಿ ಗೆರೆಯಾದರೋ, ಆ ಅಣು ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ, ಪೊರೆಯನ್ನು ದಾಟಿ ಕೋಶಕೇಂದ್ರದೊಳಗೆ ಡಿಎನ್‌ಎಯ ಮೇಲೆ ಕುಳಿತಿರುವ ಗ್ರಾಹಕವನ್ನು ಸೇರುತ್ತದೆ. ಟಿಜಿಎಫ್-ಬೀಟಾದೊಂದಿಗೆ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಪ್ರೋಟೀನ್ ಸಂಕೇತ ಸೇರಿದರೆ ಕೋಶವು ಉರಿಯೂತವನ್ನು ಹೆಚ್ಚಿಸುವ ಟಿಎಚ್17 ಎಂಬ ಬಗೆಯ ಟಿ ಕೋಶವಾಗಿ ಬೆಳೆಯುತ್ತದೆ. ರೆಟಿನೋಯಿಕ್ ಆಮ್ಲವು ಈ ಬೆಳವಣಿಗೆಯನ್ನು ತಡೆದು, ಫಾಕ್ಸ್‌ಪಿ3 ಎಂಬ ಪ್ರೋಟೀನ್ ಹೊತ್ತ, ಉರಿಯೂತವನ್ನು ತಗ್ಗಿಸುವ ನಿಯಂತ್ರಕ ಕೋಶದತ್ತ ಅದನ್ನು ಒಲಿಸುತ್ತದೆಂಬುದು 2007ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂತು. ಟಿ ಕೋಶಗಳು ಮರಳಿ ಕರುಳಿಗೇ ಬರುವಂತೆ ಗುರುತು ಹಚ್ಚುವುದೂ ಇದೇ ಆಮ್ಲವೆಂದು 2004ರಲ್ಲೇ ಗೊತ್ತಾಗಿತ್ತು. ಅದಕ್ಕೆ ಮೂಲೆಯಲ್ಲೊಂದು ಸಣ್ಣ ಚಿತ್ರ ಸಾಕು.

ಈ ಹಳದಿ ಗೆರೆಯನ್ನು ನೇರ ಬಾಣವಾಗಿ ಎಳೆಯಬಾರದೆಂಬುದು ನನ್ನ ದೃಢ ನಿಲುವು. ಇಂಟರ್‌ಲ್ಯೂಕಿನ್-15 ಹೆಚ್ಚಿರುವ ಕರುಳಿನಲ್ಲಿ ಇದೇ ಆಮ್ಲವು ಉರಿಯೂತಕ್ಕೆ ಇಂಬು ಕೊಡಬಲ್ಲದೆಂದು 2011ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿದೆ. ಆದ್ದರಿಂದ ಗೆರೆಯನ್ನು ನಾಲ್ಕು ದಾರಿ ಕೂಡುವ ವೃತ್ತದೊಳಗೆ ತಂದು, ಜೊತೆಯಲ್ಲಿರುವ ಸಂಕೇತಕ್ಕೆ ತಕ್ಕಂತೆ ಕವಲೊಡೆಯುವಂತೆ ಬಿಡಿಸಿದ್ದೇನೆ. ಹೆಚ್ಚು ಮಾವು ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂಬ ತೀರ್ಮಾನಕ್ಕೆ ಮಕ್ಕಳು ಬಾರದಿರುವುದು ನನಗೆ ಬಹಳ ಮುಖ್ಯ.

ಬಲಭಾಗ ಇನ್ನೂ ಖಾಲಿಯಿದೆ. ಅಲ್ಲಿ ಕೋಶಪೊರೆಯ ಕೊಬ್ಬಿನಾಮ್ಲವಾದ ಅರಾಕಿಡೋನಿಕ್ ಆಮ್ಲದಿಂದ ಹುಟ್ಟುವ ಪ್ರೋಸ್ಟಾಗ್ಲಾಂಡಿನ್ ಇ2 ಬರಬೇಕು. ರೆಟಿನೋಯಿಕ್ ಆಮ್ಲದಂತೆ ಅದೂ ಲಿಪಿಡ್, ಅಂದರೆ ಕೊಬ್ಬಿನ ಬಗೆಯ, ಸಂಕೇತವೇ. ಆದರೆ ಕೋಶದ ಹೊರಮೈಯ ಗ್ರಾಹಕಗಳ ಮೂಲಕ ಒಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸಿ, ಇಂಟರ್‌ಲ್ಯೂಕಿನ್-23ರ ಜೊತೆಗೂಡಿ ಟಿಎಚ್17 ಕೋಶಗಳನ್ನು ಹೆಚ್ಚಿಸುತ್ತದೆ. ಆಸ್ಪಿರಿನ್ ಮಾತ್ರೆ ಇದರ ತಯಾರಿಕೆಯನ್ನೇ ತಡೆಯುವುದರಿಂದ ಮಾತ್ರೆಯ ಚಿತ್ರದಿಂದಲೇ ಆ ಭಾಗವನ್ನು ಆರಂಭಿಸಲಿದ್ದೇನೆ.