ಕೂಲರ್ ಬಂದ್ ಮಾಡಿ, ಕೌದಿ ಹಾಸಿ

ಕಲಬುರಗಿಯ ಕಾಲೇಜು ಹುಡುಗರ ಕಿರುಚಿತ್ರಗಳಲ್ಲಿ ಚಿತ್ರ ಕೆಡುವುದು ಕಡಿಮೆ. ಈಗಿನ ಮೊಬೈಲ್ ಅಷ್ಟರಮಟ್ಟಿಗೆ ಕೈ ಹಿಡಿಯುತ್ತದೆ. ಕೆಡುವುದು ಮಾತು. ಪಾತ್ರಧಾರಿ ಬಾಯಿ ಬಿಟ್ಟರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ.

ತಪ್ಪು ನಮ್ಮ ಮನೆಗಳದ್ದು. ನೆಲಕ್ಕೆ ಶಹಾಬಾದ್ ಪರ್ಸಿ, ಗೋಡೆಗೆ ಸುಣ್ಣ, ತಲೆ ಮೇಲೆ ಆರ್‌ಸಿಸಿ ಇಲ್ಲವೇ ಪತ್ರಾ (ತಗಡು). ಎಲ್ಲವೂ ದನಿಯನ್ನು ತಿರುಗಿ ಎಸೆಯುವಂಥವೇ, ಹೀರುವಂಥದ್ದು ಒಂದೂ ಇಲ್ಲ. ಮೊಬೈಲ್ ಆರಡಿ ದೂರ ಇದ್ದರೆ ಬಾಯಿಂದ ಬಂದ ಮಾತಿಗಿಂತ ಗೋಡೆಗೆ ಬಡಿದು ಬಂದ ಮಾತೇ ಜಾಸ್ತಿ ದಾಖಲಾಗುತ್ತದೆ. ಈ ಪ್ರತಿಧ್ವನಿಯನ್ನು ಎಡಿಟಿಂಗಿನಲ್ಲಿ ತೆಗೆಯಲು ಹೋದರೆ ದನಿ ಡಬ್ಬಿಯೊಳಗಿನ ದನಿಯಾಗುತ್ತದೆ. ಶೂಟಿಂಗ್ ದಿನವೇ ತಡೆಯಬೇಕು. ಅದಕ್ಕೆ ಮನೆಯ ಕೌದಿಗಿಂತ ಒಳ್ಳೆಯ ಸಾಮಾನಿಲ್ಲ. ನಾಲ್ಕೈದು ಸಾಕು: ಫ್ರೇಮಿಗೆ ಬೀಳದ ನೆಲದ ಮೇಲೆ ಎರಡು, ಪಾತ್ರಧಾರಿ ಮುಖ ಮಾಡಿದ ಗೋಡೆಗೆ ಎರಡು, ಉಳಿದದ್ದು ಪಕ್ಕದ ಕಿಟಕಿಗೆ. ಆಮೇಲೆ ನಡುಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಗೆ ಝಣ್ ಎನ್ನುವ ಬಾಲ ಉಳಿದಿದ್ದರೆ ಇನ್ನೊಂದು ಕೌದಿ ತನ್ನಿ.

ಮೈಕಿಗೆ ದುಡ್ಡಿಲ್ಲದಿದ್ದರೆ ಎರಡನೇ ಮೊಬೈಲ್ ಸಾಕು. ಫ್ಲೈಟ್ ಮೋಡಿಗೆ ಹಾಕಿ, 48 ಕಿಲೋಹರ್ಟ್ಸ್ ವೇವ್ (WAV) ಫೈಲ್ ಬರೆಯುವ ರೆಕಾರ್ಡರ್ ಆ್ಯಪ್ ತೆರೆದು, ಗದ್ದಕ್ಕಿಂತ ಒಂದು ಗೇಣು ಕೆಳಗೆ, ಜೇಬಿನಲ್ಲೋ ದುಪಟ್ಟಾದ ಮರೆಯಲ್ಲೋ ಇಡಿ. ಕಾಲರ್ ಮೈಕ್ ಇದ್ದರೆ ತಾಳಿ, ಬಳೆ, ಪಾಲಿಯೆಸ್ಟರ್ ಬಟ್ಟೆ ಅದಕ್ಕೆ ತಾಗದಂತೆ ನೋಡಿಕೊಳ್ಳಿ. ವೈರನ್ನು ಔಷಧಿ ಅಂಗಡಿಯ ಅಂಟುಪಟ್ಟಿಯಿಂದ ಮೈಗೇ ಅಂಟಿಸಬೇಕು. ಪ್ರತಿ ಟೇಕಿನ ಮೊದಲು ಕ್ಯಾಮೆರಾ ಮುಂದೆ ಕೈ ತಟ್ಟಿ. ಅಂಗೈ ಕೂಡಿದ ಫ್ರೇಮಿಗೂ ಆಡಿಯೋದ ಅಲೆಗೆರೆಯಲ್ಲಿ ಎದ್ದ ಮೊನೆಗೂ ತಾಳೆ ಹಾಕಿದರೆ ತುಟಿ ಮಾತು ಕೂಡುತ್ತವೆ. ಒಂದೇ ಚಪ್ಪಾಳೆಗೆ ಇಡೀ ದಿನ ತಳ್ಳಲಾಗದು, ಎರಡು ಮೊಬೈಲುಗಳ ಗಡಿಯಾರ ಒಂದೇ ಹದದಲ್ಲಿ ಓಡುವುದಿಲ್ಲ.

ಇನ್ನು ಕೂಲರ್. ಏಪ್ರಿಲ್-ಮೇ ತಿಂಗಳಲ್ಲಿ ಅದನ್ನು ಬಂದ್ ಮಾಡಿ ಎಂದರೆ ಯಾರೂ ಖುಷಿಪಡುವುದಿಲ್ಲ, ಆದರೂ ಬೇರೆ ದಾರಿಯಿಲ್ಲ. ಗುಂಯ್ ಎನ್ನುವ ಸದ್ದಾದರೂ ಒಂದೇ ಸಮ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮೊಬೈಲ್ ತಾನೇ ದನಿ ಮಟ್ಟ ಹೊಂದಿಸುತ್ತದೆಯಲ್ಲ, ಮಾತು ನಿಂತ ಕೂಡಲೇ ಮಟ್ಟ ಏರಿಸಿ ಕೂಲರ್ ಸದ್ದನ್ನು ಅಲೆಯಂತೆ ಎತ್ತುತ್ತದೆ, ಮಾತು ಬಂದೊಡನೆ ಇಳಿಸುತ್ತದೆ. ಮೌನಕ್ಕೇ ಜೀವ ಇರಬೇಕಾದ ದೃಶ್ಯದಲ್ಲಿ ಆ ಅಲೆ ಎಲ್ಲವನ್ನೂ ನುಂಗುತ್ತದೆ. ಆ್ಯಪ್‌ನಲ್ಲಿ ಆಟೋ ಗೇನ್ ಎಂಬ ಈ ಏರ್ಪಾಡನ್ನು ತೆಗೆದು, ಮಾಮೂಲಿ ಮಾತು ದನಿ ಮೀಟರಿನಲ್ಲಿ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿರುವಂತೆ ಕೈಯಿಂದಲೇ ಹೊಂದಿಸಿ. ಟೇಕ್ ಎರಡು ನಿಮಿಷ, ಕೂಲರ್ ಐದು ನಿಮಿಷ, ಮತ್ತೆ ಟೇಕ್. ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು 30 ಸೆಕೆಂಡ್ ಬರೀ ಕೋಣೆಯ ಸದ್ದನ್ನು ಹಿಡಿಯಿರಿ. ಮುಜುಗರದ ಕೆಲಸವೇ, ಆದರೆ ಎಡಿಟಿಂಗಿನಲ್ಲಿ ಕತ್ತರಿಸಿದ ಕಡೆ ಹೊಲಿಗೆ ಹಾಕುವುದು ಅದೇ ಸದ್ದಿನಿಂದ. ಓಣಿಯಲ್ಲಿ ಯಾರೋ ಹಾಡು ಹಚ್ಚಿದ್ದರೆ ಶೂಟ್ ನಿಲ್ಲಿಸಿ. ಎರಡು ಶಾಟ್ ಜೋಡಿಸಿದಾಗ ಪಲ್ಲವಿಯಿಂದ ಹಾಡು ನೇರ ಚರಣಕ್ಕೆ ಜಿಗಿಯುತ್ತದೆ!

ಮಾತು ಅಂದಮೇಲೆ ಭಾಷೆಯದೂ ಒಂದು ತೊಡಕು. ಸ್ಕ್ರಿಪ್ಟಿನಲ್ಲಿ “ನಾನು ನಾಳೆ ಬರುತ್ತೇನೆ” ಎಂದು ಬರೆದು, ಸೆಟ್ಟಿನಲ್ಲಿ “ನಮ್ಮ ಭಾಷಾದಾಗ ಹೇಳೋ” ಎಂದರೆ ಹುಡುಗ ತಲೆಯಲ್ಲೇ ಬದಲಿಸಿಕೊಂಡು ಹೇಳಬೇಕು. ಪ್ರತಿ ಸಾಲಿನ ಮುಂದೆ ಅರೆಕ್ಷಣ ತಡವರಿಸುತ್ತಾನೆ, ಅದು ಕಣ್ಣಲ್ಲೇ ಕಾಣುತ್ತದೆ. “ನಾಳಿಗಿ ಬರ್ತೀನ್ರಿ”, “ಏನಾಗ್ಯಾದ?” ಎಂದು ಹಾಳೆಯ ಮೇಲೇ ಬರೆಯಿರಿ.

ಬೆಳಕಿನ ವಿಷಯದಲ್ಲಿ ಊರಿನ ಅಕ್ಷಾಂಶ ನೆನಪಿರಲಿ, ಸುಮಾರು 17.3 ಡಿಗ್ರಿ ಉತ್ತರ. ಮೇ ಮೊದಲಾರ್ಧದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹುಬ್ಬಿನ ನೆರಳು ಬಿದ್ದು ಕಣ್ಣು ಎರಡು ಕುಳಿಗಳಾಗುತ್ತವೆ. ಹೊರಾಂಗಣ ದೃಶ್ಯ ಬೆಳಿಗ್ಗೆ ಎಂಟೂವರೆಯೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಮಧ್ಯಾಹ್ನವೇ ಬೇಕೆಂದರೆ ಒಂದೇ ಪದರದ ಬಿಳಿ ಧೋತರವನ್ನು ಎರಡು ಬಡಿಗೆಗೆ ಕಟ್ಟಿ ತಲೆ ಮೇಲೆ ಹಿಡಿಯಿರಿ, ಎದೆಮಟ್ಟದಲ್ಲಿ ಥರ್ಮಾಕೋಲ್ ಹಾಳೆ ಇಟ್ಟು ಮುಖಕ್ಕೆ ಬೆಳಕು ಹಾಯಿಸಿ. ಬಿಸಿಲಿಗೆ ಕಾದು ಮೊಬೈಲ್ ನಿಂತರೆ ಫ್ರಿಜ್ಜಿಗೆ ಇಡಬೇಡಿ, ಒಳಗೆ ತೇವ ಕಟ್ಟುತ್ತದೆ. ಕವರ್ ತೆಗೆದು ಕೊಡೆಯ ನೆರಳಲ್ಲಿಡಿ.

ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆಯಾಗಿ ಚಿತ್ರ ಮಿನುಗಿದರೆ ಕಾರಣ ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತವೆ, ಮಿನುಗು ಹೋಗುತ್ತದೆ.

ಕಲಬುರಗಿ ಕೋಟೆಯಲ್ಲಿ, 1367ರ ಜಾಮಿ ಮಸೀದಿಯ ಕಮಾನುಗಳ ನಡುವೆ ಚಿತ್ರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದು ಪುರಾತತ್ವ ಇಲಾಖೆಯ ಸ್ಮಾರಕ, ಟ್ರೈಪಾಡ್ ಬಿಚ್ಚುವ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಬೀದರಿಗೆ ಹೋದರೆ ಡ್ರೋನ್ ಮನೆಯಲ್ಲೇ ಇರಲಿ, ಅಲ್ಲಿ ವಾಯುಪಡೆಯ ನೆಲೆಯಿದೆ.

ಎಡಿಟ್ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಫ್ಯಾನ್ ಹಾಕಿಕೊಂಡು, ಮೊಬೈಲ್ ಸ್ಪೀಕರಿನಲ್ಲೇ ಒಮ್ಮೆ ಕೇಳಿ. ನೋಡುವವರು ಕೇಳುವುದು ಹಾಗೆಯೇ. ಯಾವುದಾದರೂ ಮಾತು ತಿಳಿಯದಿದ್ದರೆ ಮಾತನ್ನು ಏರಿಸಬೇಡಿ, ಹಿಂದಿನ ಸಂಗೀತವನ್ನು ಇಳಿಸಿ.