ಒಂದೇ ಚೀಲದಲ್ಲಿ ಎರಡು ಅರ್ಜಿ

2024ರ ಏಪ್ರಿಲ್ 4, ಗುರುವಾರ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಊರಿಂದ ಹೊರಟೆ. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಎರಡು ಅರ್ಜಿ, ತುಂಬಿದ 17 ಫಾರ್ಮುಗಳು, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಒಂದು ಅರ್ಜಿ ಮತದಾರರ ಪಟ್ಟಿಯ ಬಗ್ಗೆ. ಇನ್ನೊಂದು ಉಳ್ಳಾಗಡ್ಡಿ (ಈರುಳ್ಳಿ) ರಫ್ತಿನ ಬಗ್ಗೆ, ದಿಲ್ಲಿಗೆ ಹೋಗಬೇಕಾದದ್ದು. ಇವೆರಡಕ್ಕೂ ಏನು ಸಂಬಂಧ ಅಂತ ಆ ದಿನ ಕಚೇರಿಯಲ್ಲಿ ಮೂರು ಜನ ಕೇಳಿದರು. ಸಂಬಂಧ ಇದೆ. ಅದನ್ನು ಹೇಳಬೇಕು ಅಂದರೆ ನಾಲ್ಕು ತಿಂಗಳು ಹಿಂದೆ ಹೋಗಬೇಕು.

ನಮ್ಮದು ವಿಜಯಪುರ ಜಿಲ್ಲೆಯ ಒಂದು ಊರು. ನಾನು ಅಲ್ಲಿ ಸಣ್ಣ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಅರ್ಜಿ ಬರೆದು ಕೊಡುವುದು, ಪಹಣಿ ತೆಗೆದು ಕೊಡುವುದು ಎಲ್ಲಾ ನನ್ನ ಕೆಲಸವೇ. ಮನೆಯವರು ಒಕ್ಕಲುತನ ಮಾಡುತ್ತಾರೆ. 2023 ಬರದ ವರ್ಷ. ಬೋರಿನಲ್ಲಿ ಉಳಿದಿದ್ದ ನೀರನ್ನೇ ನಂಬಿ ಎರಡೂವರೆ ಎಕರೆ ಉಳ್ಳಾಗಡ್ಡಿ ಹಚ್ಚಿದ್ದರು. ನವೆಂಬರ್ ಕೊನೆಗೆ ಕಿತ್ತು, ಅರ್ಧ ಮಾಲನ್ನು ಸೊಲ್ಲಾಪುರ ಮಾರ್ಕೆಟ್ಟಿಗೆ ಹಾಕಿದೆವು. ರೇಟು ಚೆನ್ನಾಗಿ ಬಂತು. ಉಳಿದರ್ಧ ಚೀಲ ತುಂಬಿ ಇಟ್ಟಿದ್ದೆವು.

ಡಿಸೆಂಬರ್ 8, ಶುಕ್ರವಾರ. ಉಳ್ಳಾಗಡ್ಡಿ ರಫ್ತು ಬಂದ್ ಅಂತ ಕೇಂದ್ರ ಸರ್ಕಾರದ ಆದೇಶ ಬಂತು. ಅದಕ್ಕೂ ಮೊದಲು, ಆಗಸ್ಟಿನಲ್ಲೇ, ರಫ್ತಿನ ಮೇಲೆ 40% ಸುಂಕ ಹಾಕಿದ್ದರು. ಈಗ ಪೂರ್ತಿ ಬಾಗಿಲು ಹಾಕಿದರು. ಮುಂದಿನ ವಾರ ಗಾಡಿ ತಗೊಂಡು ಹೋದ ನಮ್ಮ ಮನೆಯವರಿಗೆ ಸಿಕ್ಕಿದ್ದು ಹಿಂದಿನ ರೇಟಿನ ಅರ್ಧವೂ ಅಲ್ಲ. ಗಾಡಿ ಬಾಡಿಗೆ, ಹಮಾಲಿ, ಚೀಲದ ದುಡ್ಡು ಕಳೆದು ಪಟ್ಟಿ ತಂದು ನನ್ನ ಮುಂದೆ ಇಟ್ಟರು. ಏನೂ ಮಾತಾಡಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ನಮಗಾದರೂ ಅಂಗಡಿ ಇತ್ತು. ನಮ್ಮೂರ ತಾಂಡಾದ, ಅಂದರೆ ಲಂಬಾಣಿ ಕೇರಿಯ, ಜನರಿಗೆ ಏನಿತ್ತು? ಪ್ರತಿ ವರ್ಷ ನಮ್ಮ ಹೊಲಗಳಲ್ಲಿ ಉಳ್ಳಾಗಡ್ಡಿ ಕೀಳುವುದು, ಎಲೆ ಕೊಯ್ಯುವುದು, ಆರಿಸಿ ಚೀಲ ತುಂಬುವುದು ಅವರೇ. ಬರ ಇದ್ದಿದ್ದರಿಂದ ಮೊದಲೇ ಕೆಲಸ ಕಡಿಮೆ. ರೇಟು ಬಿದ್ದ ಮೇಲೆ ಎಷ್ಟೋ ಜನ ಕೀಳುವ ಕೂಲಿಯೂ ಹುಟ್ಟುವುದಿಲ್ಲ ಅಂತ ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಹಾಗಾಗಿ ತಾಂಡಾದವರು ಯಾವಾಗಲೂ ಹೋಗುವುದಕ್ಕಿಂತ ಜಾಸ್ತಿ ಜನ ಗುಳೆ ಹೋದರು. ಕೆಲವರು ಕೊಲ್ಹಾಪುರದ ಕಡೆ ಕಬ್ಬು ಕಡಿಯಲು, ಕೆಲವರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ. ಮನೆಗಳಿಗೆ ಕೀಲಿ ಬಿತ್ತು.

ಮಾರ್ಚ್ ಕೊನೆಗೆ ಕಬ್ಬಿನವರು ಒಬ್ಬೊಬ್ಬರೇ ಬರತೊಡಗಿದರು. ತಾಂಡಾದ ಕಾಕಾ ಒಬ್ಬರು ಅಂಗಡಿಗೆ ಬಂದು, ತಮ್ಮ ವೋಟು ಯಾವ ಬೂತಿನಲ್ಲಿದೆ ನೋಡು ಅಂದರು. ಎಪಿಕ್ ನಂಬರ್, ಅಂದರೆ ವೋಟರ್ ಕಾರ್ಡಿನ ನಂಬರ್ ಹಾಕಿದೆ. ಯಾವ ದಾಖಲೆಯೂ ಸಿಗಲಿಲ್ಲ. ನಾನೇ ತಪ್ಪಾಗಿ ಒತ್ತಿರಬೇಕು ಅಂತ ಮತ್ತೆ ಹಾಕಿದೆ. ಇಲ್ಲ. ಅವರ ಹೆಂಡತಿಯದೂ ಇಲ್ಲ. ಮಗನದೂ ಇಲ್ಲ. ಎರಡು ದಿನ ಕುಳಿತು ಒಬ್ಬೊಬ್ಬರದೇ ಹುಡುಕಿದಾಗ ಲೆಕ್ಕ 17ಕ್ಕೆ ಬಂತು. ಎಲ್ಲವೂ ಕೀಲಿ ಹಾಕಿದ್ದ ಮನೆಗಳು.

ನಮ್ಮ ಬಿಎಲ್‌ಒ ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಅಂಗನವಾಡಿ ಟೀಚರ್. ಒಳ್ಳೆಯ ಹೆಣ್ಣುಮಗಳು. ಕೇಳಿದರೆ ಕಣ್ಣಲ್ಲಿ ನೀರು ತಂದುಕೊಂಡರು.

"ಮೂರ ಸಲ ಹೋಗೀನ್ರೀ ಅಕ್ಕಾ. ಕೀಲಿ ಹಾಕಿತ್ತು. ಬಾಜೂ ಮನ್ಯಾಗ ಕೇಳಿದ್ರ ಊರು ಬಿಟ್ಟು ಹೋಗ್ಯಾರ ಅಂದ್ರು. ನಾ ಏನ್ ಬರೀಬೇಕ್ರೀ?"

ಅವರು ಬರೆದದ್ದು ಸ್ಥಳಾಂತರ ಅಂತ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಂಗನವಾಡಿ ಮಕ್ಕಳಿಗೆ ಊಟ ಬಡಿಸಿ, ಬಾಣಂತಿಯರ ಲೆಕ್ಕ ಬರೆದು, ಅದರ ಮೇಲೆ ಸಾವಿರ ಜನರ ಪಟ್ಟಿ ಹಿಡಿದು ಮನೆ ಮನೆ ತಿರುಗಬೇಕು ಅಂದರೆ ಸುಮ್ನೆ ಅಲ್ಲ. ಆದರೆ ಹೆಸರು ತೆಗೆಯುವ ಮೊದಲು ಆ ಮನುಷ್ಯನಿಗೆ ನೋಟಿಸ್ ಕೊಡಬೇಕು, ಹೇಳುವುದೇನಿದೆ ಅಂತ ಕೇಳಬೇಕು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಂ ಇದನ್ನೇ ಹೇಳುತ್ತದೆ. 17 ಜನರಲ್ಲಿ ಒಬ್ಬರೂ ಅಂಥ ಕಾಗದ ನೋಡಿರಲಿಲ್ಲ.

ಈ ನೋಟಿಸಿನ ವಿಷಯ ನನಗೆ ಯಾಕೆ ಅಷ್ಟು ದೊಡ್ಡದು ಅನಿಸಿತು ಅಂದರೆ, ಪಕ್ಕದ ಕಲಬುರಗಿ ಜಿಲ್ಲೆಯ ಆಳಂದದ ಸುದ್ದಿ ಓದಿದ್ದೆ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲನೆ ಮಾಡಿದಾಗ ಸರಿ ಅನಿಸಿದ್ದು 24 ಮಾತ್ರ. ಒಬ್ಬ ಬಿಎಲ್‌ಒ ತಮ್ಮ ಸಂಬಂಧಿಕರ ಹೆಸರಿನ ಅರ್ಜಿ ನೋಡಿ ಅನುಮಾನಪಟ್ಟಿದ್ದರಿಂದ ಅದು ಹೊರಗೆ ಬಂತು. ಅಂದರೆ ಒಬ್ಬರು ಹೋಗಿ ವಿಚಾರಿಸಿದ್ದಕ್ಕೆ ಅಷ್ಟೂ ಹೆಸರು ಉಳಿದವು. ನಮ್ಮೂರಲ್ಲಿ ಅಂಥ ಮೋಸ ಏನೂ ಆಗಿರಲಿಲ್ಲ. ಆದರೆ ಕಾಕಾನ ಪಾಲಿಗೆ ಆದದ್ದು ಒಂದೇ ಅಲ್ವಾ? ಹೆಸರು ಹೋಯಿತು, ಅವರಿಗೆ ಗೊತ್ತೇ ಆಗಲಿಲ್ಲ.

ದಿನ ಬಹಳ ಇರಲಿಲ್ಲ. ಲೋಕಸಭೆ ಚುನಾವಣೆಗೆ ನಮ್ಮ ಕಡೆ ಮತದಾನ ಮೇ 7ಕ್ಕೆ. ನಾಮಪತ್ರಕ್ಕೆ ಏಪ್ರಿಲ್ 19 ಕೊನೆ ದಿನ. ಹೆಸರು ಸೇರಿಸುವ ಅರ್ಜಿ ಅದಕ್ಕೂ 10 ದಿನ ಮೊದಲೇ ಹೋಗಿರಬೇಕು. ಅಂದರೆ ಯುಗಾದಿಯೊಳಗೆ. ಅದಕ್ಕೇ 17 ಜನರಿಗೂ ಫಾರ್ಮ್ 6 ತುಂಬಿ, ಫೋಟೋ ಅಂಟಿಸಿ, ಸಹಿ ಹೆಬ್ಬೆಟ್ಟು ಹಾಕಿಸಿ ಚೀಲಕ್ಕೆ ಹಾಕಿಕೊಂಡದ್ದು.

ಕಚೇರಿ ತಲುಪಿದಾಗ ಹತ್ತೂಕಾಲು. ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಎಲ್ಲಿ ನೋಡಿದರೂ ಚುನಾವಣೆಯ ಪೆಟ್ಟಿಗೆ, ಬಂಡಲ್ಲು, ಓಡಾಟ. ಗುಮಾಸ್ತರು ಫಾರ್ಮಿನ ಗಂಟು ನೋಡಿದವರೇ ಕೈ ಅಡ್ಡ ಹಿಡಿದರು.

"ಹಿಂಗ ಒಬ್ಬರ ಗಂಟ ಕಟ್ಟಿ ತಂದ್ರ ತಗೊಳ್ಳಾಕ ಬರೂದಿಲ್ರೀ. ಅವರವರೇ ಬರಬೇಕು."

ಅವರು ಹೇಳಿದ್ದು ಸರಿಯೇ. ಒಬ್ಬರೇ ರಾಶಿ ಅರ್ಜಿ ತಂದರೆ ತೆಗೆದುಕೊಳ್ಳಬಾರದು ಅಂತ ನಿಯಮ ಇದೆ. ಸುಳ್ಳು ಹೆಸರು ತುಂಬಬಾರದು ಅಂತ ಮಾಡಿದ ನಿಯಮ. ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಗಾದರೂ ಮಾಡಿ ಅವರನ್ನು ಕರೆದುಕೊಂಡೇ ಬರುತ್ತಿದ್ದೆ. ಆದರೆ 17 ಜನ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಬರುವುದು ಹೇಗೆ? ಹೆಸರು ತೆಗೆಯಲು ಅವರು ಯಾರೂ ಬರಬೇಕಾಗಿರಲಿಲ್ಲವಲ್ಲ! ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಸುತ್ತಲಿನವರು ತಿರುಗಿ ನೋಡಿದರು.

"ಹಂಗಾರ ಸಾಹೇಬರನ ಕೇಳ್ರಿ" ಅಂದರು ಗುಮಾಸ್ತರು.

ಸಾಹೇಬರು ಮೀಟಿಂಗಿನಲ್ಲಿದ್ದರು. ಬೆಂಚಿನ ಮೇಲೆ ಕುಳಿತೆ. ಹನ್ನೆರಡಾಯಿತು, ಒಂದಾಯಿತು. ಅಲ್ಲೇ ರೊಟ್ಟಿ ತಿಂದೆ. ಆ ಹೊತ್ತಿನಲ್ಲಿ ಇನ್ನೊಂದು ಕಿಟಕಿಗೆ ಹೋಗಿ ಎರಡನೇ ಅರ್ಜಿ ಮುಂದಿಟ್ಟೆ. ಅಲ್ಲಿದ್ದವರು ಓದಿ ಕನ್ನಡಕ ತೆಗೆದರು.

"ಅಕ್ಕಾರ, ಇದು ಫಾರಿನ್ ಪಾಲಿಸಿ ಆತು. ದಿಲ್ಲಿ ವಿಷಯ ಇಲ್ಯಾಕ ತಂದೀರಿ? ಅದರಾಗ ಈಗ ನೀತಿ ಸಂಹಿತೆ ಬ್ಯಾರೆ ಐತಿ."

"ನಮ್ಮ ಹೊಲ ದಿಲ್ಲ್ಯಾಗ ಇಲ್ರೀ ಸರ. ಇಲ್ಲೇ ಐತಿ" ಅಂದೆ.

ಅರ್ಜಿಯಲ್ಲಿ ನಾನು ಕೇಳಿದ್ದು ಎರಡೇ ಮಾತು. ರಫ್ತು ನಿಷೇಧ ಮಾರ್ಚ್ 31ರವರೆಗೆ ಮಾತ್ರ ಅಂದಿದ್ದರು. ಅದನ್ನೇ ನಂಬಿ ಬೇಸಿಗೆ ಬೆಳೆ ಇಟ್ಟವರಿದ್ದರು. ತಿಂಗಳು ಮುಗಿಯಲು ಒಂದು ವಾರ ಇದ್ದಾಗ, ಮುಂದಿನ ಆದೇಶದವರೆಗೆ ಅಂತ ನಿಷೇಧ ಮುಂದುವರಿಸಿದರು. ಹೀಗೆ ಮಾಡುವುದಿದ್ದರೆ ಬಿತ್ತುವ ಮೊದಲೇ ತಿಳಿಸಿ ಅನ್ನುವುದು ಒಂದು. ಇನ್ನೊಂದು, ನಿಷೇಧ ಇದ್ದಾಗಲೇ ಮಾರ್ಚ್ 1ಕ್ಕೆ ಬಾಂಗ್ಲಾದೇಶಕ್ಕೆ 50,000 ಟನ್, ಯುಎಇಗೆ 14,400 ಟನ್ ಕಳಿಸಲು ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಸ್ನೇಹದ ದೇಶಗಳಿಗೆ ಕೊಡುವುದು ಬೇಡ ಅಂತ ನಾನು ಅನ್ನುವುದಿಲ್ಲ, ಕೊಡಬೇಕು. ಆದರೆ ಆ ಮಾಲು ಯಾವ ಜಿಲ್ಲೆಯ ರೈತರಿಂದ, ಯಾವ ರೇಟಿಗೆ ಕೊಳ್ಳುತ್ತೀರಿ? ಅದರಲ್ಲಿ ವಿಜಯಪುರ, ಬಾಗಲಕೋಟೆಯ ಉಳ್ಳಾಗಡ್ಡಿ ಎಷ್ಟು?

ಬೆಲೆ ಏರಿದಾಗ ಪೇಟೆಯ ಬಡವರಿಗೆ ಕಷ್ಟ ಆಗುತ್ತದೆ. ಅದೂ ನನಗೆ ಗೊತ್ತು. ಕೂಲಿಗೆ ಹೋದ ನಮ್ಮ ತಾಂಡಾದವರೇ ಗೋವಾದಲ್ಲಿ ಉಳ್ಳಾಗಡ್ಡಿ ಕೊಂಡು ತಿನ್ನುವವರು. ನಿಲ್ಲಿಸಲೇಬೇಕು ಅನ್ನುವ ದಿನ ಬರಬಹುದು. ಮೊದಲೇ ಹೇಳಿ ಅನ್ನುವುದಷ್ಟೇ ನನ್ನ ಮಾತು. 2019ರಲ್ಲಿಯೂ ಹೀಗೇ ಒಮ್ಮೆಲೆ ರಫ್ತು ನಿಲ್ಲಿಸಿದಾಗ, ಆಗಿನ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದಿಲ್ಲಿಗೇ ಬಂದು, ಅಡುಗೆಗೆ ಉಳ್ಳಾಗಡ್ಡಿ ಹಾಕಬೇಡ ಅಂತ ನಮ್ಮ ಅಡುಗೆಯವರಿಗೆ ಹೇಳಿದ್ದೇನೆ, ಮುಂದೆ ನಿಲ್ಲಿಸುವುದಿದ್ದರೆ ಮೊದಲೇ ತಿಳಿಸಿ ಅಂತ ಕೇಳಿಕೊಂಡಿದ್ದರು. ಬೆಳೆಯುವ ನಮ್ಮದೂ ಕೊಳ್ಳುವ ಅವರದೂ ಒಂದೇ ಬೇಡಿಕೆ. ಇದನ್ನೂ ಅರ್ಜಿಯಲ್ಲಿ ಬರೆದಿದ್ದೆ. ಕಿಟಕಿಯವರು ಆ ಸಾಲನ್ನು ಎರಡು ಸಲ ಓದಿದರು. ಮಾತಾಡದೆ ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಂಡು, ನನ್ನ ಪ್ರತಿಯ ಮೇಲೆ ಶಿಕ್ಕಾ ಒತ್ತಿಕೊಟ್ಟರು. ಇನ್ನೊಂದು ಪ್ರತಿಯನ್ನು ವಾಣಿಜ್ಯ ಸಚಿವಾಲಯಕ್ಕೆ ರಿಜಿಸ್ಟರ್ ಪೋಸ್ಟ್ ಮಾಡಿ ಅಂತ ಅವರೇ ಹೇಳಿದರು.

ಮೂರು ಗಂಟೆಗೆ ಸಾಹೇಬರು ಸಿಕ್ಕರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬಹಳ ದಣಿದಿದ್ದರು. ಜನ ಊರಲ್ಲಿ ಇಲ್ಲದಿದ್ದರೆ ಪಟ್ಟಿಯಲ್ಲಿ ಹೇಗೆ ಇಟ್ಟುಕೊಳ್ಳುವುದು ಅಂದರು. ನಾನು ಝೆರಾಕ್ಸ್ ಮಾಡಿ ತಂದಿದ್ದ ಹಾಳೆ ಮುಂದಿಟ್ಟೆ. ಅದೇ 1950ರ ಕಾಯ್ದೆ, 20ನೇ ಕಲಂ, ಅದರಲ್ಲಿ 1ಎ. ವಾಸದ ಜಾಗದಿಂದ ಸ್ವಲ್ಪ ಕಾಲಕ್ಕೆ ಹೊರಗೆ ಹೋದ ಮಾತ್ರಕ್ಕೆ ಆ ಮನುಷ್ಯ ಅಲ್ಲಿನ ನಿವಾಸಿ ಅಲ್ಲ ಅಂತ ಆಗುವುದಿಲ್ಲ. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದೆ.

"ಸರ, ಅವರ ರೇಷನ್ ಕಾರ್ಡ್ ಇಲ್ಲೈತಿ. ದೇವರು ಇಲ್ಲಿ ಅದಾವ. ಹಿರಿಯಾರ ಮಣ್ಣ ಇಲ್ಲೇ ಆಗೈತಿ. ಹೊಟ್ಟಿ ಸಲುವಾಗಿ ನಾಕ ತಿಂಗಳ ಹೋಗಿದ್ರು. ಕೀಲಿ ಹಾಕಿದ್ರ ಮನಿ ಬಿಟ್ರಂತ ಆಗೂದಿಲ್ಲಲ್ರೀ."

ಹೇಳುವಾಗ ಗಂಟಲು ಕಟ್ಟಿತು. ಅವರು ಹಾಳೆ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಬಿಎಲ್‌ಒಗೆ ಫೋನ್ ಹಚ್ಚಿದರು. ಇವತ್ತೇ ಸಂಜೆ ತಾಂಡಾಕ್ಕೆ ಹೋಗಿ ಕುಳಿತು, ಒಬ್ಬೊಬ್ಬರಿಂದಲೂ ಫಾರ್ಮ್ ತಗೊಳ್ಳಿ ಅಂದರು. ನನ್ನ ಕಡೆ ತಿರುಗಿ, "ಎಲ್ಲಾರೂ ಮನ್ಯಾಗ ಇರೂಹಂಗ ನೋಡ್ಕೋರಿ" ಅಂದರು. ನೋಟಿಸ್ ಯಾಕೆ ಕೊಡಲಿಲ್ಲ ಅಂತ ಮತ್ತೆ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಲಿಖಿತದಲ್ಲಿ ಕೊಡಿ ಅಂತ ಅರ್ಜಿ ಕೊಟ್ಟು ಬಂದೆ. ಅದರ ಉತ್ತರ ಇವತ್ತಿಗೂ ಬಂದಿಲ್ಲ.

ಸಂಜೆ ಸೇವಾಲಾಲ್ ಗುಡಿ ಕಟ್ಟೆಯ ಮೇಲೆ ಬಲ್ಬಿನ ಬೆಳಕಿನಲ್ಲಿ ಕುಳಿತೆವು. ಕೂಲಿ ಮುಗಿಸಿ ಬಂದವರು ಕೈಕಾಲು ತೊಳೆದು ಸಾಲಾಗಿ ಬಂದರು. ಬಿಎಲ್‌ಒ ಒಬ್ಬೊಬ್ಬರ ಮುಖ ನೋಡಿ, ಹೆಸರು ಕೂಗಿ ಫಾರ್ಮ್ ತಗೊಂಡರು. ಪ್ರತಿಯೊಂದರ ಕೆಳಗಿನ ಸ್ವೀಕೃತಿ ಚೀಟಿ ಹರಿದು ಸಹಿ ಮಾಡಿ ಕೊಟ್ಟರು. ಆ ಚೀಟಿ ಬಿಡಬೇಡಿ ಅಂತ ನಾನು ಎಲ್ಲರಿಗೂ ಮೊದಲೇ ಹೇಳಿದ್ದೆ. ಒಬ್ಬ ಆಯಿ ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡರು. ರಾತ್ರಿ ಒಂಬತ್ತಾಗಿತ್ತು. ಯಾರದೋ ಮನೆಯಿಂದ ಚಹಾ ಬಂತು.

17ರಲ್ಲಿ 14 ಹೆಸರು ಪಟ್ಟಿಗೆ ಬಂದವು. ಮೂರು ಬರಲಿಲ್ಲ. ಮೇ 4ಕ್ಕೆ, ಅಂದರೆ ನಮ್ಮ ಮತದಾನಕ್ಕೆ ಮೂರು ದಿನ ಇದ್ದಾಗ, ರಫ್ತು ನಿಷೇಧ ತೆಗೆದರು. ಟನ್ನಿಗೆ 550 ಡಾಲರಿಗಿಂತ ಕಡಿಮೆಗೆ ಮಾರುವಂತಿರಲಿಲ್ಲ, 40% ಸುಂಕ ಇದ್ದೇ ಇತ್ತು. ನಮ್ಮ ಮನೆಯಲ್ಲಿ ಆಗ ಅಡುಗೆಗೆ ಇಟ್ಟುಕೊಂಡದ್ದು ಬಿಟ್ಟರೆ ಒಂದು ಚೀಲವೂ ಉಳಿದಿರಲಿಲ್ಲ. ಮೇ 7ರಂದು ಆ ಮೂವರಲ್ಲಿ ಒಬ್ಬರಾದ ಕಾಕಾ ಬೆಳಿಗ್ಗೆಯೇ ಶಾಲೆಗೆ ಬಂದರು. ಹೆಂಡತಿ ಮಗ ಒಳಗೆ ಹೋಗಿ ಬರುವವರೆಗೆ ಗೇಟಿನ ಹೊರಗೆ, ಸ್ವೀಕೃತಿ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಆ ಮೂವರ ಫಾರ್ಮನ್ನು ಆ ಮಳೆಗಾಲದಲ್ಲಿ ಮತ್ತೆ ಕೊಟ್ಟೆವು. ಆಗ ಸೇರಿದವು.

ದಿಲ್ಲಿಯಿಂದ ಬಂದದ್ದು ಶಿಕ್ಕಾ ಬಿದ್ದ ಅಂಚೆಯ ಕಾರ್ಡು ಮಾತ್ರ. ಸೆಪ್ಟೆಂಬರಿನಲ್ಲಿ ಆ 550 ಡಾಲರಿನ ಮಿತಿ ಹೋಯಿತು, ಸುಂಕ 20%ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕ ಪೂರ್ತಿ ಹೋಯಿತು. ನನ್ನ ಪತ್ರದಿಂದ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಬಿತ್ತನೆಗೆ ಮೊದಲೇ ತಿಳಿಸಿ ಅನ್ನುವ ಪತ್ರವನ್ನು ಪ್ರತಿ ಮುಂಗಾರಿಗೆ ಮುಂಚೆ ಕಳಿಸುತ್ತೇನೆ.

2024ರ ದೀಪಾವಳಿ ಮುಗಿದು ಎರಡು ದಿನಕ್ಕೆ ಕಾಕಾ ಅಂಗಡಿಗೆ ಬಂದರು. ಹಿಂದೆ ತಾಂಡಾದ ಇಪ್ಪತ್ತು ಜನ ಇದ್ದರು. ಹೊರಗೆ ಕಬ್ಬಿನ ಮುಕಾದಮನ ಟ್ರಾಕ್ಟರ್ ನಿಂತಿತ್ತು, ಅದರಲ್ಲಿ ಪಾತ್ರೆ, ಹಾಸಿಗೆ, ಮೇಕೆ ಮರಿ.

"ಒಂದ ಅರ್ಜಿ ಬರಿ ತಂಗೀ" ಅಂದರು. "ಕಬ್ಬ ಕಡ್ಯಾಕ ಹೊಂಟೀವಿ, ಯುಗಾದಿಗೆ ಬರ್ತೀವಿ. ಮನಿಗೆ ಕೀಲಿ ಇರ್ತೈತಿ. ಹೆಸರ ತಗೀಬ್ಯಾಡ್ರಿ ಅಂತ ಬರಿ."

ಬರೆದೆ. ಇಪ್ಪತ್ತೂ ಜನ ಸಹಿ, ಹೆಬ್ಬೆಟ್ಟು ಹಾಕಿದರು. ಕಾಕಾ ಟ್ರಾಕ್ಟರ್ ಹತ್ತುವ ಮೊದಲು ಮತ್ತೆ ಬಾಗಿಲಿಗೆ ಬಂದು ಹೇಳಿದರು.

"ಶಿಕ್ಕಾ ಹಾಕಿಸ್ಕೊಂಡ ಬಾ ಮತ್ತ."