ಟೋಕಿಯೊದಲ್ಲಿ ಸುಶಿ ತಿನ್ನೋಕೆ ಹೋಗ್ತೀರಾ? ಮೊದಲು ಕ್ಯಾಲೆಂಡರ್ ನೋಡಿ

ಬೆಳಗ್ಗೆ ಆರೂವರೆಗೆ ಶಿಜೋಮಾಏ ಸ್ಟೇಷನ್‌ನಲ್ಲಿ ಇಳಿದಾಗಲೇ ನನಗೆ ಅನುಮಾನ ಬಂತು. ನಾನು, ನನ್ನ ತಮ್ಮ ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ. ಎದುರಿಗಿದ್ದ ತೊಯೊಸು ಮೀನು ಮಾರುಕಟ್ಟೆಗೆ ಅವತ್ತು ರಜೆ. ಭಾನುವಾರ ಮುಚ್ಚಿರುತ್ತದೆ ಅಂತ ಗೊತ್ತಿತ್ತು. ಎಷ್ಟೋ ಬುಧವಾರಗಳೂ ರಜೆ ಅನ್ನೋದನ್ನು ನೋಡಿಕೊಂಡಿರಲಿಲ್ಲ. ಮಾರುಕಟ್ಟೆಗೆ ರಜೆ ಅಂದರೆ ಒಳಗಿನ ಸುಶಿ ಅಂಗಡಿಗಳಿಗೂ ರಜೆ. ಹಳೆಯ ಮಾರುಕಟ್ಟೆಯಿದ್ದ ತ್ಸುಕಿಜಿಯಲ್ಲೂ ಅವತ್ತು ಬಹಳ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮಾರುಕಟ್ಟೆಯವರೇ ರಜೆಯ ಪಟ್ಟಿ ಹಾಕಿರುತ್ತಾರೆ, ಹೊರಡುವ ಮೊದಲು ನೋಡಿಬಿಡಿ.

ಅಂದಹಾಗೆ, ಸಗಟು ಮಾರುಕಟ್ಟೆ ತ್ಸುಕಿಜಿ ಬಿಟ್ಟು ತೊಯೊಸುಗೆ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ತ್ಸುಕಿಜಿಯಲ್ಲಿ ಈಗ ಉಳಿದಿರೋದು ಹೊರಗಿನ ಬೀದಿ ಅಂಗಡಿಗಳು. ಅಲ್ಲಿ ನಡೆಯುತ್ತಾ ತಿನ್ನಬೇಡಿ, ಕೊಂಡ ಅಂಗಡಿಯ ಮುಂದೆಯೇ ನಿಂತು ಮುಗಿಸಿ.

ಆ ಬುಧವಾರ ನಮ್ಮ ಹೊಟ್ಟೆ ಕಾಪಾಡಿದ್ದು ಬೆಲ್ಟಿನ ಮೇಲೆ ತಟ್ಟೆ ಸುತ್ತುವ ಕೈತೆನ್ ಸುಶಿ. ಇದನ್ನು ಕೀಳಾಗಿ ನೋಡಬೇಡಿ. ಎಷ್ಟೋ ಕಡೆ ತಟ್ಟೆಯ ಬಣ್ಣವೇ ಬೆಲೆ ಹೇಳುತ್ತದೆ, ಭಾಷೆ ಬರದಿದ್ದರೂ ಪರವಾಗಿಲ್ಲ. ಸುತ್ತುತ್ತಿರೋದನ್ನು ಎತ್ತಿಕೊಳ್ಳೋದಕ್ಕಿಂತ ಆರ್ಡರ್ ಮಾಡಿ, ಆಗಲೇ ಮಾಡಿದ್ದು ಬರುತ್ತದೆ. ಮೀನು ತಿನ್ನದವರು ಜೊತೆಗಿದ್ದರೆ ಸೌತೆಕಾಯಿಯ ಕಪ್ಪಾಮಾಕಿ ಇದೆ. ಮೊಟ್ಟೆಯ ತಮಾಗೊದಲ್ಲಿ ಹೆಚ್ಚಾಗಿ ಮೀನಿನ ಸಾರು ಸೇರಿರುತ್ತದೆ, ಹುಷಾರು.

ಮಾರನೇ ದಿನ ಮತ್ತೆ ತೊಯೊಸುಗೆ ಹೋದೆವು. ಅಲ್ಲಿನ ಹೆಸರುವಾಸಿ ಅಂಗಡಿ ಸುಶಿ ದಾಯ್ ಮುಂದಿನ ಸಾಲು ನೋಡಿಯೇ ಕಾಲು ನೋಯಿತು. ರುಚಿ ಚೆನ್ನಾಗಿರಬಹುದು, ಆದರೆ ಅರ್ಧ ದಿನ ಸಾಲಿನಲ್ಲಿ ನಿಲ್ಲೋಕೆ ನನ್ನಿಂದಾಗದು. ತಬೆಲೊಗ್ ತೆಗೆದು ಊರೊಳಗಿನ ಚಿಕ್ಕ ಅಂಗಡಿ ಹುಡುಕಿದೆವು. ಹೋಟೆಲುಗಳಿಗೆ ಗ್ರಾಹಕರು ಅಂಕ ಕೊಡೋ, ಜಪಾನಿನವರೇ ನೋಡುವ ಆ್ಯಪ್ ಇದು, ಅಂಕ ಕೊಡೋದರಲ್ಲಿ ಜಿಪುಣರು. ಐದಕ್ಕೆ 3.5 ಇದ್ದರೆ ಧೈರ್ಯವಾಗಿ ಹೋಗಿ. ರಾತ್ರಿಗಿಂತ ಮಧ್ಯಾಹ್ನ ಹೋದರೆ ದುಡ್ಡು ಎಷ್ಟೋ ಉಳಿಯುತ್ತದೆ. ಬುಕ್ ಮಾಡಿದ್ದರೆ ತಪ್ಪಿಸಬೇಡಿ, ಸೆಂಟು ಹಾಕ್ಕೊಂಡು ಹೋಗಬೇಡಿ.

ನಮಗೆ ಸಿಕ್ಕಿದ್ದು ಎಂಟೇ ಕುರ್ಚಿಯ ಅಂಗಡಿ. ಅಂಗಡಿ ಚೆನ್ನಾಗಿದೆಯೋ ಇಲ್ಲವೋ ತಿಳಿಯೋಕೆ ನಾನು ಮೊದಲು ಕೇಳೋದು ಕೊಹಾದಾ. ಬೆಳ್ಳಿ ಬಣ್ಣದ ಪುಟ್ಟ ಮೀನು. ಉಪ್ಪು ಹಚ್ಚಿ, ವಿನೆಗರ್‌ನಲ್ಲಿ ನೆನೆಸಿ ಹದ ಮಾಡಬೇಕು. ಒಳ್ಳೇ ಟ್ಯೂನಾ ದುಡ್ಡು ಕೊಟ್ಟರೆ ಬರುತ್ತದೆ, ಕೊಹಾದಾ ಕೈ ಪಳಗಿದ್ದರೆ ಮಾತ್ರ. ಇಲ್ಲಿಯದು ಹುಳಿ ಸ್ವಲ್ಪವೂ ಮೇಲೇಳದೆ ನಾಲಿಗೆ ಮೇಲೆ ಕರಗಿತು. ಅನ್ನ ಇನ್ನೂ ಉಗುರುಬೆಚ್ಚಗಿತ್ತು. ಅದಕ್ಕೇ ಹೇಳೋದು, ಫೋಟೊ ತೆಗೀತಾ ಕೂರಬೇಡಿ. ಕೈಯಲ್ಲೇ ತಿನ್ನಬಹುದು, ಯಾರೂ ಏನೂ ಅಂದುಕೊಳ್ಳಲ್ಲ. ಸೋಯಾ ಸಾಸಿಗೆ ಅದ್ದೋದಾದರೆ ಮೀನಿನ ಬದಿ ಅದ್ದಿ, ಅನ್ನದ ಬದಿ ಅದ್ದಿದರೆ ಉದುರಿಹೋಗುತ್ತದೆ. ಅವರೇ ಸಾಸ್ ಸವರಿ ಕೊಟ್ಟಿದ್ದರೆ ಅದೂ ಬೇಡ. ಮೂಗಿಗೇರುವ ಖಾರದ ವಾಸಾಬಿ ಒಳಗೇ ಇರುತ್ತದೆ, ಬೇಡದಿದ್ದರೆ 'ಸಾಬಿನುಕಿ' ಅನ್ನಿ.

ನನ್ನ ತಮ್ಮ ಎಡಚ. ಮೊದಲನೆಯದನ್ನು ಎಡಗೈಯಲ್ಲಿ ಎತ್ತಿಕೊಂಡ. ಎರಡನೆಯದರಿಂದ ಅವನ ಸುಶಿಯನ್ನು, ಎದುರಿಗೆ ನಿಂತು ಮಾಡಿಕೊಡುತ್ತಿದ್ದ ಅಜ್ಜ ಓರೆ ಬದಲಿಸಿ, ಎಡಗೈಗೆ ಸಿಗುವ ಹಾಗೆ ಇಡುತ್ತಾ ಹೋದರು. ಒಂದು ಮಾತೂ ಆಡಲಿಲ್ಲ. ಐದನೆಯದು ತಿನ್ನುವಾಗ ತಮ್ಮನಿಗೆ ಅದು ಗೊತ್ತಾಯಿತು.